ಬೇಸಿಗೆಯನ್ನು ಬೀಳ್ಕೊಡುವ ನಾಡಿನಲ್ಲಿ

ಋತುಗಳು ಬದಲಾಗುವುದನ್ನು ನಮ್ಮ ಹಿರಿಯರು ಪಂಚಾಂಗದಿಂದ ಮಾತ್ರವೇ ಅರಿಯುತ್ತಿರಲಿಲ್ಲ. ಇರುವೆಗಳು ತತ್ತಿ ಕಚ್ಚಿಕೊಂಡು ಗೋಡೆಯೇರಿದರೆ ಮಳೆ ಸಮೀಪಿಸಿತೆಂದು ಹೇಳುತ್ತಿದ್ದರು. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗಳನ್ನು ಹೆಸರು ಹಿಡಿದು ಕರೆದು, ಯಾವ ಮಳೆಗೆ ಯಾವ ಬೀಜ ನೆಲ ಸೇರಬೇಕೆಂದು ಲೆಕ್ಕ ಹಾಕುತ್ತಿದ್ದರು. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನನಗೆ ಇವು ಹೊಸ ಮಾತುಗಳಲ್ಲ. ಆದರೆ ನಮ್ಮಲ್ಲಿ ಬೇಸಿಗೆ ಮುಗಿಯುವುದೆಂದರೆ ಜೀವಕ್ಕೆ ತಂಪು. ಕಾದ ನೆಲಕ್ಕೂ, ಬತ್ತಿದ ಬಾವಿಗೂ, ಬಳಲಿದ ದನಕರುಗಳಿಗೂ ಅದೊಂದು ಬಿಡುಗಡೆ. ಬೇಸಿಗೆ ಮುಗಿಯುವುದನ್ನೇ ಅಳುಕಿನಿಂದ ಗಮನಿಸುವ ನಾಡುಗಳೂ ಇವೆಯೆಂಬುದನ್ನು ನಾನು ಕಣ್ಣಾರೆ ಕಂಡದ್ದು 2022ರಲ್ಲಿ, ನನ್ನ ಅರವತ್ತೇಳನೆಯ ವಯಸ್ಸಿನಲ್ಲಿ.

ನಮ್ಮ ಅಳಿಯಂದಿರು ಶಿರಸಿಯಲ್ಲಿ ಅರಣ್ಯಶಾಸ್ತ್ರವನ್ನು ಓದಿ, ಮುಂದಿನ ಸಂಶೋಧನೆಗಾಗಿ 2019ರಲ್ಲಿ ಫಿನ್ಲೆಂಡಿನ ಯೊಯೆನ್ಸೂ ಎಂಬ ಪಟ್ಟಣಕ್ಕೆ ಹೋದರು. ಮಗಳೂ ನಾಲ್ಕು ವರ್ಷದ ಮೊಮ್ಮಗಳೂ ಅವರ ಜೊತೆಗಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ಮಗಳು ದೂರವಾಣಿಯಲ್ಲಿ ಮಾತನಾಡುತ್ತ ಇದ್ದಕ್ಕಿದ್ದಂತೆ ಅತ್ತುಬಿಟ್ಟಳು. ಅಲ್ಲಿ ಮಧ್ಯಾಹ್ನ ಎರಡೂವರೆಯ ಹೊತ್ತಿಗೇ ಸೂರ್ಯ ಮುಳುಗುತ್ತಾನೆಂದೂ, ಮುಂಜಾನೆ ಒಂಬತ್ತಕ್ಕೂ ದೀಪ ಹಚ್ಚಿಕೊಂಡೇ ಇರಬೇಕೆಂದೂ, ದಿನವೆಲ್ಲ ನಿದ್ದೆಗಣ್ಣಿನಲ್ಲಿರುವಂತೆ ಆಗುತ್ತದೆಂದೂ ಹೇಳಿದಳು. ಆ ಅಳು ನನ್ನ ಕಿವಿಯಲ್ಲಿ ಉಳಿದುಬಿಟ್ಟಿತು. ಕೂಡಲೇ ಹೊರಡೋಣವೆಂದರೆ ಮಹಾಮಾರಿಯ ಕಾಲ ಬಂದು ದಾರಿಗಳೆಲ್ಲ ಮುಚ್ಚಿದವು. ಕೊನೆಗೆ 2022ರ ಜುಲೈ ಎರಡನೆಯ ವಾರದಲ್ಲಿ ನಾನೂ ನಮ್ಮ ಯಜಮಾನರೂ ಧಾರವಾಡವನ್ನು ಬಿಟ್ಟೆವು. ಮೊಮ್ಮಗಳನ್ನು ನೋಡಿ ಬರುವುದು ಎಲ್ಲರಿಗೂ ಹೇಳಿದ ಕಾರಣ. ಮಗಳನ್ನು ಹೇಗಾದರೂ ಮಾಡಿ ಕರೆದುಕೊಂಡೇ ಬರಬೇಕೆಂಬುದು ಯಾರಿಗೂ ಹೇಳದ ಕಾರಣ.

ಯೊಯೆನ್ಸೂ ಎಂದರೆ ‘ನದಿಯ ಬಾಯಿ’ ಎಂದರ್ಥವಂತೆ. ಪಿಯೆಲಿಸ್ ಎಂಬ ನದಿಯು ಊರಿನ ನಡುವೆ ಹರಿದು ಅಲ್ಲಿಯೇ ಒಂದು ದೊಡ್ಡ ಸರೋವರವನ್ನು ಸೇರುತ್ತದೆ. ರಾಜಧಾನಿ ಹೆಲ್ಸಿಂಕಿಯಿಂದ ಈಶಾನ್ಯಕ್ಕೆ ರೈಲಿನಲ್ಲಿ ನಾಲ್ಕೂವರೆ ತಾಸಿನ ದಾರಿ. ದಾರಿಯುದ್ದಕ್ಕೂ ಕಾಡು, ಕೆರೆ, ಮತ್ತೆ ಕಾಡು. ದೇಶದ ನೆಲದಲ್ಲಿ ಸುಮಾರು ಮುಕ್ಕಾಲು ಪಾಲು ಅರಣ್ಯವೇ ಇದೆ. ಸಣ್ಣ ದೊಡ್ಡ ಸರೋವರಗಳನ್ನು ಎಣಿಸಿ 1,88,000 ಎಂದು ಲೆಕ್ಕ ಹಾಕಿದ್ದಾರೆ. ನಾವು ಇಳಿದ ದಿನ ಸೂರ್ಯ ಮುಳುಗಿದ್ದು ರಾತ್ರಿ ಹತ್ತೂವರೆಗೆ. ಆಮೇಲೂ ಕತ್ತಲೆಯಾಗಲಿಲ್ಲ. ನಡುರಾತ್ರಿ ಎದ್ದು ಕಿಟಕಿಯ ಪರದೆಯನ್ನು ಸರಿಸಿದರೆ ಹೊರಗೆ ನಮ್ಮ ಗೋಧೂಳಿಯ ಹೊತ್ತಿನಂತಹ ಬೆಳಕು. ಆಕಾಶದಲ್ಲಿ ಹುಡುಕಿದರೂ ನಕ್ಷತ್ರಗಳು ಕಾಣಲಿಲ್ಲ. ಇಷ್ಟು ಬೆಳಕಿನ ನಾಡಿನಲ್ಲಿ ಮಗಳು ಅತ್ತದ್ದೇಕೆಂದು ಆಗ ನನಗೆ ತಿಳಿಯಲಿಲ್ಲ.

ಆಗಸ್ಟ್ 2 ನಾಗರ ಪಂಚಮಿ. ಊರಿನಿಂದ ಒಯ್ದ ಅಳ್ಳು, ಶೇಂಗಾ ಉಂಡಿ, ಎಳ್ಳುಂಡಿಗಳನ್ನು ಡಬ್ಬಿಯಲ್ಲಿ ತುಂಬಿಕೊಂಡು ಮನೆಯ ಹಿಂದಿನ ಕಾಡಿನ ಅಂಚಿಗೆ ಹೋಗಿದ್ದೆವು. ಅಳಿಯಂದಿರು ಮಗುವಿಗಾಗಿ ಒಂದು ಜೋಕಾಲಿ ಕಟ್ಟಿದ್ದರು. ಜೀಕುತ್ತಿದ್ದ ಮೊಮ್ಮಗಳು ಒಮ್ಮೆಲೇ ಇಳಿದು ಬಂದು, ನೆಲದಿಂದ ಒಂದು ಎಲೆಯನ್ನು ಎತ್ತಿ ತಾಯಿಗೆ ಕೊಟ್ಟಳು. ಬರ್ಚ್ ಮರದ ಎಲೆ. ನಮ್ಮ ಅರಳಿಯ ಎಲೆಯನ್ನು ಚಿಕ್ಕದು ಮಾಡಿ ಅಂಚಿಗೆ ಗರಗಸದ ಹಲ್ಲು ಕೊಟ್ಟಂತೆ ಇರುತ್ತದೆ. ಸುತ್ತಲಿನ ಮರಗಳೆಲ್ಲ ದಟ್ಟ ಹಸಿರು. ಇದೊಂದು ಮಾತ್ರ ಅರಿಸಿನದ ಬಣ್ಣ. ಮಗಳು ಅದನ್ನು ಬೆರಳುಗಳ ನಡುವೆ ತಿರುಗಿಸುತ್ತ, “ಅವ್ವಾ, ಬ್ಯಾಸಗಿ ಮುಗ್ಯಾಕ ಹತ್ತೇತಿ ನೋಡು” ಎಂದಳು. ನಾನು ನಕ್ಕುಬಿಟ್ಟೆ. ಮೈಮೇಲೆ ಹತ್ತಿಯ ಸೀರೆ, ತಲೆಯ ಮೇಲೆ ಬಿಸಿಲು, ಬೇಸಿಗೆ ಎಲ್ಲಿ ಮುಗಿಯಿತು? ಆದರೆ ಅವಳು ನಗಲಿಲ್ಲ.

ಅಂದಿನಿಂದ ನಾನೂ ನೋಡತೊಡಗಿದೆ. ಒಮ್ಮೆ ನೋಡಲು ಕಲಿತ ಕಣ್ಣಿಗೆ ಸೂಚನೆಗಳು ಎಲ್ಲೆಲ್ಲೂ ಕಾಣುತ್ತವೆ. ಕಾಡಿನ ಅಂಚಿನಲ್ಲಿ ಆಳೆತ್ತರ ಬೆಳೆಯುವ ಒಂದು ನಸುನೇರಳೆ ಹೂವಿನ ಗಿಡವುಂಟು. ಅದು ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಅರಳುತ್ತದೆ. ನಾವು ಹೋದಾಗ ಹೂವು ದಂಟಿನ ನಡುವಿನಲ್ಲಿತ್ತು. ಆಗಸ್ಟ್ ನಡುವಿನ ಹೊತ್ತಿಗೆ ತುದಿಯನ್ನು ಮುಟ್ಟಿ, ಕೆಳಗಿನ ಕಾಯಿಗಳು ಒಡೆದು ಎಕ್ಕೆಯ ಅರಳೆಯಂತಹ ಬಿಳಿಯ ಎಳೆಗಳು ಗಾಳಿಗೆ ಹಾರತೊಡಗಿದವು. ಸಂಜೆಯೆಲ್ಲ ಛಾವಣಿಗಳ ಮೇಲೆ ಕಿರುಚುತ್ತ ಹಾರುತ್ತಿದ್ದ ಬಾನಾಡಿಗಳು ಒಂದು ದಿನ ಇಲ್ಲವಾದವು, ಆಕಾಶ ಸುಮ್ಮನಾಯಿತು. ಅವು ಆಫ್ರಿಕಕ್ಕೆ ಹೋದವೆಂದು ಅಳಿಯಂದಿರು ಹೇಳಿದರು. ನಮ್ಮನ್ನು ಕಾಡಿಸಿದ್ದ ಸೊಳ್ಳೆಗಳೂ ತಾವಾಗಿಯೇ ಕಡಿಮೆಯಾದವು. ಪಿಹ್ಲಯ ಎಂಬ ಮರಗಳಲ್ಲಿ ಹಸಿರು ಗೊಂಚಲುಗಳು ಕುಂಕುಮದ ಬಣ್ಣಕ್ಕೆ ತಿರುಗಿದವು. ಈ ಮರ ಎರಡು ಹೊರೆಗಳನ್ನು ಹೊರುವುದಿಲ್ಲವೆಂದು ಅಲ್ಲಿಯ ಗಾದೆ. ಹಣ್ಣು ಹೆಚ್ಚಾದ ವರ್ಷ ಹಿಮ ಕಡಿಮೆ ಎಂದು ಅದರ ತಾತ್ಪರ್ಯ. ನಮ್ಮವರು ಅದನ್ನು ಕೇಳಿ, “ಇವರೂ ನಮ್ಮಂತೆಯೇ ಮರವನ್ನು ಕೇಳಿ ಮುಂದಿನದನ್ನು ತಿಳಿಯುವವರು” ಎಂದು ಸಂತೋಷಪಟ್ಟರು.

ಎಲ್ಲಕ್ಕಿಂತ ದೊಡ್ಡ ಸೂಚನೆ ಬೆಳಕಿನದು. ಧಾರವಾಡದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಎರಡು ತಾಸನ್ನೂ ಮುಟ್ಟುವುದಿಲ್ಲ. ಆದ್ದರಿಂದ ಹಗಲು ಬೆಳೆಯುವುದೂ ಕುಗ್ಗುವುದೂ ನಮ್ಮ ಅನುಭವಕ್ಕೆ ಬರುವುದಿಲ್ಲ. ಯೊಯೆನ್ಸೂವಿನಲ್ಲಿ ಜೂನ್ ತಿಂಗಳ ಹಗಲು ಸುಮಾರು 20 ತಾಸು, ಡಿಸೆಂಬರಿನದು 5 ತಾಸಿಗೂ ಕಡಿಮೆ. ಆಗಸ್ಟ್ ತಿಂಗಳ ಕೊನೆಯಲ್ಲಿ ದಿನವೊಂದಕ್ಕೆ ಸುಮಾರು 6 ನಿಮಿಷದಂತೆ ಬೆಳಕು ಕರಗುತ್ತದೆ. ವಾರಕ್ಕೆ ಮುಕ್ಕಾಲು ತಾಸಿನ ಹತ್ತಿರ. ಮೊದಲ ವಾರ ಬೆಳಕಿನಲ್ಲಿ ಊಟ ಮಾಡಿದ ಹೊತ್ತಿಗೆ ಮೂರನೆಯ ವಾರ ದೀಪ ಬೇಕಾಗುತ್ತದೆ. ಆಗಸ್ಟ್ ನಡುವಿನ ಒಂದು ರಾತ್ರಿ ಮೊಮ್ಮಗಳು ಕಿಟಕಿಯಿಂದ ಕೂಗಿದಳು: “ಅಜ್ಜೀ, ಚುಕ್ಕಿ ಬಂದಾವ!” ಎರಡು ತಿಂಗಳಿಗೂ ಮಿಕ್ಕಿ ನಕ್ಷತ್ರಗಳನ್ನು ಕಾಣದ ಮಗು ಅದು. ನಾವೆಲ್ಲ ಅಂಗಳಕ್ಕಿಳಿದು ತಲೆಯೆತ್ತಿ ನಿಂತೆವು. ನಮಗೆ ನಿತ್ಯವಾದ ನಕ್ಷತ್ರಗಳು ಅಲ್ಲಿ ಬೇಸಿಗೆಯ ಕೊನೆಯಲ್ಲಿ ಊರಿಗೆ ಮರಳುವ ನೆಂಟರಂತೆ ಬರುತ್ತವೆ.

ಆ ನಾಡಿನ ಭಾಷೆಯ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ನಾವು ಚಂದ್ರನನ್ನೂ ಮಾಸವನ್ನೂ ‘ತಿಂಗಳು’ ಎಂಬ ಒಂದೇ ಮಾತಿನಿಂದ ಕರೆಯುತ್ತೇವೆ. ಅವರ ‘ಕೂ’ ಎಂಬ ಮಾತಿಗೂ ಅವೆರಡೇ ಅರ್ಥಗಳು. ಜುಲೈಗೆ ಅವರು ಒಣಹುಲ್ಲಿನ ತಿಂಗಳೆನ್ನುತ್ತಾರೆ. ಆಗಸ್ಟ್ ಬೆಳೆಯ ತಿಂಗಳು. ಅಕ್ಟೋಬರ್ ಕೆಸರಿನ ತಿಂಗಳು. ನವೆಂಬರಿಗೆ ಸಾವಿನ ತಿಂಗಳೆಂದೇ ಹೆಸರು. ಹೆಸರಿನಲ್ಲಿಯೇ ಎಚ್ಚರಿಕೆಯನ್ನು ಕಟ್ಟಿಟ್ಟ ಜನ ಅವರು.

ಆ ಎಚ್ಚರಿಕೆಯ ಬೆಲೆ ಏನೆಂಬುದು ನನಗೆ ತಿಳಿದದ್ದು ನೆರೆಮನೆಯ ಅಜ್ಜಿಯಿಂದ. ಅವರಿಗೆ ಆಗ ಎಂಬತ್ತೊಂದು ವರ್ಷ. ಅವರು ಹುಟ್ಟಿದ ಊರು ಈಗ ರಷ್ಯದಲ್ಲಿದೆ. 1944ರ ಸೆಪ್ಟೆಂಬರಿನ ಕದನವಿರಾಮದ ನಂತರ ಕರೇಲಿಯದ ದೊಡ್ಡ ಭಾಗ ಕೈಬಿಟ್ಟು ಹೋದಾಗ, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆ ಮಾರುಗಳನ್ನು ತೊರೆದು ಬಂದರು. ಮೂರು ವರ್ಷದ ಕೂಸಾಗಿದ್ದ ಇವರನ್ನು ತಾಯಿ ಎತ್ತಿಕೊಂಡು ಬಂದಿದ್ದರಂತೆ. ಬಟಾಟೆಯನ್ನು ಅಗೆಯದೆ ನೆಲದಲ್ಲಿಯೇ ಬಿಟ್ಟು ಬಂದೆವಲ್ಲ ಎಂದು ಆ ತಾಯಿ ಸಾಯುವವರೆಗೂ ಹಲುಬುತ್ತಿದ್ದರೆಂದು ಅಜ್ಜಿ ಹೇಳಿದರು. ಅವರ ಮಾತನ್ನು ಮಗಳು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ನಡುನಡುವೆ ಅವಳ ಧ್ವನಿ ತಡೆಯುತ್ತಿತ್ತು.

ಅಜ್ಜಿ ನಮ್ಮನ್ನು ಕಾಡಿಗೆ ಕರೆದೊಯ್ದರು. ಅಲ್ಲಿ ಕಾಡು ಯಾರ ಒಡೆತನದ್ದೇ ಆಗಿರಲಿ, ಮನೆಗಳ ಅಂಗಳವೊಂದನ್ನು ಬಿಟ್ಟು, ಯಾರು ಬೇಕಾದರೂ ಅಡ್ಡಾಡಿ ಕಾಡುಹಣ್ಣು, ಅಣಬೆಗಳನ್ನು ಆಯ್ದುಕೊಳ್ಳಬಹುದು. ಇದು ಹಿಂದಿನಿಂದ ಬಂದ ಸರ್ವರ ಹಕ್ಕು. ಮುಸ್ತಿಕ್ಕ ಎಂಬ ಕಪ್ಪುನೀಲಿ ಹಣ್ಣುಗಳ ಕಾಲ ಮುಗಿಯುತ್ತ ಬಂದು, ಪುವೊಲುಕ್ಕ ಎಂಬ ಕೆಂಪು ಹುಳಿಹಣ್ಣುಗಳು ಮಾಗತೊಡಗಿದ್ದವು. ಮೊಣಕಾಲಿಗೂ ಬಾರದ ಗಿಡಗಳು. ಬಾಚಣಿಗೆಯಂತಹ ಹಲ್ಲುಗಳಿರುವ ಒಂದು ಡಬ್ಬಿಯಿಂದ ಬಾಚಿದರೆ ಹಣ್ಣು ಒಳಗೆ ಬೀಳುತ್ತದೆ. ನನಗೆ ಬಾಲ್ಯದಲ್ಲಿ ಗುಡ್ಡದ ಮೇಲೆ ಕವಳಿಹಣ್ಣು ಆಯುತ್ತಿದ್ದುದು ನೆನಪಾಯಿತು. ಈ ಕೆಂಪು ಹಣ್ಣನ್ನು ಸಕ್ಕರೆ ಹಾಕದೆ, ಕುದಿಸದೆ, ಬರಿದೆ ಜಜ್ಜಿ ತಂಪು ನೆಲಮಾಳಿಗೆಯಲ್ಲಿಟ್ಟರೂ ಚಳಿಗಾಲವೆಲ್ಲ ಕೆಡುವುದಿಲ್ಲ. ಕೆಡದಂತೆ ಕಾಯುವ ಬೆಂಜೋಯಿಕ್ ಆಮ್ಲ ಹಣ್ಣಿನಲ್ಲಿಯೇ ಇದೆಯೆಂದು ಅಳಿಯಂದಿರು ವಿವರಿಸಿದರು. ಮಳೆಗಾಲಕ್ಕೆ ಮುನ್ನ ನಾವು ಹಪ್ಪಳ, ಸಂಡಿಗೆ, ಶಾವಿಗೆಗಳನ್ನು ಮಾಡಿ ಡಬ್ಬಿ ತುಂಬುವಂತೆ, ಅಲ್ಲಿಯ ಗೃಹಿಣಿಯರು ಆಗಸ್ಟ್ ಸೆಪ್ಟೆಂಬರಿನಲ್ಲಿ ಹಣ್ಣು ತುಂಬುತ್ತಾರೆ, ಅಣಬೆ ಒಣಗಿಸುತ್ತಾರೆ, ಸೌದೆಯನ್ನು ಸೂರಿನ ಕೆಳಗೆ ಒಟ್ಟುತ್ತಾರೆ.

ಬುಟ್ಟಿ ತುಂಬಿದ ಮೇಲೆ ಅಜ್ಜಿ ಒಂದು ಪೈನ್ ಮರದ ತೊಗಟೆಯನ್ನು ತಟ್ಟಿ ತೋರಿಸಿ, “ನಮ್ಮ ಹಿರಿಯರು ಇದನ್ನೂ ಉಂಡಿದ್ದಾರೆ” ಎಂದರು. ಅದು 1867ರ ಕಥೆ. ಆ ವರ್ಷ ವಸಂತ ತಡವಾಯಿತು. ಕೆರೆಗಳ ಮೇಲಿನ ಮಂಜುಗಡ್ಡೆ ಜೂನ್ ಬಂದರೂ ಪೂರ್ಣ ಕರಗಲಿಲ್ಲ. ಬಿತ್ತನೆ ಹಿಂದೆ ಬಿತ್ತು. ಪೈರು ಇನ್ನೂ ಹಾಲುಗಾಳಾಗಿದ್ದಾಗ ಸೆಪ್ಟೆಂಬರಿನ ಮೊದಲ ವಾರದ ಇರುಳುಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿತು. ಇದಕ್ಕೆ ಅವರು ‘ಹಲ್ಲ’ ಎನ್ನುತ್ತಾರೆ. ಮುಂಜಾನೆ ಎದ್ದು ನೋಡಿದರೆ ಹೊಲವೆಲ್ಲ ಬೆಳ್ಳಗೆ, ಬಿಸಿಲೇರಿದಂತೆ ಕಪ್ಪಗೆ. ಮೊದಲೇ ಬೆಳೆ ಸೊರಗಿದ್ದ ಆ ನಾಡಿನಲ್ಲಿ ಪೈನ್ ಮರದ ಒಳತೊಗಟೆಯನ್ನು ಒಣಗಿಸಿ, ಬೀಸಿ, ಹಿಟ್ಟಿಗೆ ಬೆರೆಸಿ ರೊಟ್ಟಿ ಮಾಡಿದರು. ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಒಂದು ಲಕ್ಷಕ್ಕೆ ಮೀರಿ ಜನ ಸತ್ತರು. ಆಗ ಇಡೀ ದೇಶದ ಜನಸಂಖ್ಯೆಯೇ 18 ಲಕ್ಷದಷ್ಟು.

ಇದನ್ನು ಕೇಳುವಾಗ ನನ್ನ ಅಜ್ಜಿಯ ಬಾಯಿಂದ ಕೇಳಿದ್ದ ಧಾತು ಈಶ್ವರ ಸಂವತ್ಸರಗಳ ಬರ ನೆನಪಾಯಿತು. ಆ 1876–78ರ ಬರವು ನಮ್ಮ ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಗಳನ್ನೂ ಮೈಸೂರನ್ನೂ ಬರಿದು ಮಾಡಿತ್ತು. ಅಲ್ಲಿ ಒಂದು ಇರುಳಿನ ಚಳಿ, ಇಲ್ಲಿ ಬಾರದ ಮಳೆ. ಹತ್ತು ವರ್ಷಗಳ ಅಂತರದಲ್ಲಿ ಎರಡು ನಾಡುಗಳ ತಾಯಂದಿರು ಒಂದೇ ಬಗೆಯ ಬರಿಯ ಮಡಕೆಯನ್ನು ನೋಡಿದ್ದರು.

ಮಹಾಬರಕ್ಕೂ ಮುಂಚೆ, 1830ರಲ್ಲಿ, ರೂನೆಬೆರಿ ಎಂಬ ಕವಿಯು ಪಾವೊ ಎಂಬ ಬಡ ಒಕ್ಕಲಿಗನ ಕಥೆಯನ್ನು ಬರೆದಿದ್ದಾನೆ. ಅದು ಅಲ್ಲಿ ಮಕ್ಕಳಿಗೂ ಗೊತ್ತು. ಪಾವೊನ ಬೆಳೆ ಮತ್ತೆ ಮತ್ತೆ ಕೆಡುತ್ತದೆ. ಪ್ರತಿ ಸಲವೂ ರೊಟ್ಟಿಗೆ ತೊಗಟೆ ಬೆರೆಸೆಂದು ಹೆಂಡತಿಗೆ ಹೇಳಿ ಅವನು ಮತ್ತೆ ದುಡಿಯುತ್ತಾನೆ. ಕೊನೆಗೊಮ್ಮೆ ಬೆಳೆ ತುಂಬಿ ಬರುತ್ತದೆ. ಇನ್ನು ತೊಗಟೆಯಿಲ್ಲದ ರೊಟ್ಟಿ ಉಣ್ಣೋಣವೆಂದು ಹೆಂಡತಿ ಹಿಗ್ಗಿದಾಗ, ಈಗಲೂ ಅರ್ಧ ತೊಗಟೆಯನ್ನೇ ಬೆರೆಸು, ನೆರೆಯವನ ಹೊಲವನ್ನು ಹಲ್ಲ ಸುಟ್ಟಿದೆ ಎನ್ನುತ್ತಾನೆ. ಮಗಳ ಬಾಯಿಂದ ಈ ಕಥೆಯನ್ನು ಕೇಳಿ ನಮ್ಮವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ “ಇದು ದಾಸೋಹವಲ್ಲದೆ ಮತ್ತೇನು?” ಎಂದರು. ಅಂದು ಸಂಜೆ ಅಜ್ಜಿ ತಾವು ಆಯ್ದ ಹಣ್ಣಿನಲ್ಲಿ ಅರ್ಧವನ್ನು ನಮ್ಮ ಮನೆಗೆ ಕಳುಹಿಸಿದರು. ಮಗಳು ಅದೇ ಡಬ್ಬಿಯಲ್ಲಿ ಹೋಳಿಗೆಯನ್ನಿಟ್ಟು ಹಿಂದಿರುಗಿಸಿದಳು.

ಶ್ರಾವಣ ಕಳೆಯಿತು, ಚೌತಿ ಬಂದು ಹೋಯಿತು. ಸೆಪ್ಟೆಂಬರಿನ ಒಂದು ಸಂಜೆ ಅಡುಗೆಮನೆಯಲ್ಲಿ ಮಗಳೊಬ್ಬಳೇ ಇದ್ದಾಗ ನಾನು ಹೊತ್ತು ತಂದ ಮಾತನ್ನು ಹೊರಗೆ ತೆಗೆದೆ. ಈ ಚಳಿಗಾಲಕ್ಕೆ ಮಗುವನ್ನು ಕರೆದುಕೊಂಡು ಊರಿಗೆ ಬಂದುಬಿಡು, ಬೇಸಿಗೆಯಾದ ಮೇಲೆ ಮರಳಿದರಾಯಿತು ಎಂದೆ. ಅವಳು ತಟ್ಟನೆ ಉತ್ತರಿಸಲಿಲ್ಲ. ಮೊಮ್ಮಗಳು ಆಗಸ್ಟಿನಲ್ಲಿ ಒಂದನೆಯ ತರಗತಿಗೆ ಸೇರಿದ್ದಳು. ಅವಳ ಮೇಲಂಗಿಗೆ ಮಗಳು ಬೆಳಕು ಬಿದ್ದರೆ ಹೊಳೆಯುವ ಒಂದು ಬಿಲ್ಲೆಯನ್ನು ಸಿಕ್ಕಿಸುತ್ತಿದ್ದಳು. ಕತ್ತಲೆಯಲ್ಲಿ ನಡೆಯುವವರು ಅದನ್ನು ಧರಿಸಬೇಕೆಂದು ಅಲ್ಲಿಯ ಕಾನೂನೇ ಇದೆ. ವಾಹನದ ದೀಪ ತಾಗಿದೊಡನೆ ದೂರದಿಂದಲೇ ಮಿನುಗುತ್ತದೆ. ಬಿಲ್ಲೆ ಸಿಕ್ಕಿಸಿ ಮುಗಿದ ಮೇಲೆ ಹೇಳಿದಳು:

“ಅವ್ವಾ, ಮೊದಲನೇ ವರ್ಷ ಕತ್ತಲಿ ಒಮ್ಮಿಗೇ ಬಂದು ಮ್ಯಾಲ ಬಿತ್ತು ಅಂತ ತಿಳದಿದ್ದೆ. ಅದು ಒಮ್ಮಿಗೇ ಬರೂದಿಲ್ಲ. ಆಗಸ್ಟ್‌ನ್ಯಾಗನ ಹೇಳಿ ಕಳಸ್ತೈತಿ. ನನಗ ಅದರ ಮಾತು ತಿಳೀತಿದ್ದಿಲ್ಲ.”

ಆಮೇಲೆ ಅವಳು ನನ್ನನ್ನು ಕರೆದು ಒಂದೊಂದಾಗಿ ತೋರಿಸಿದಳು. ಶೀತಕಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದ ಹಣ್ಣಿನ ಡಬ್ಬಿಗಳು. ಕಪಾಟಿನಲ್ಲಿ ಮೇಣದ ಬತ್ತಿಗಳು. ಮಗುವಿನ ಉಣ್ಣೆಯ ಕೈಗವಸುಗಳು. ಮುಂಜಾನೆ ಎದುರಿಗೆ ಹಚ್ಚಿಕೊಂಡು ಕೂಡುವ ಪ್ರಖರವಾದ ದೀಪ. ಬುಧವಾರ ಯಾರ ಮನೆಗೆ ಹೋಗುವುದು, ಶನಿವಾರ ಯಾರನ್ನು ಊಟಕ್ಕೆ ಕರೆಯುವುದು ಎಂದು ಗುರುತು ಹಾಕಿದ ಕ್ಯಾಲೆಂಡರು. ನವೆಂಬರ್ ಈಗಲೂ ಕಠಿಣವೇ ಎಂದು ಅವಳು ಮುಚ್ಚಿಡದೆ ಹೇಳಿದಳು. ಕೆಲವು ದಿನ ಏಳಲು ಮನಸ್ಸೇ ಬಾರದಂತೆ. ಆದರೆ ಹಿಮ ಬಿದ್ದ ಮೇಲೆ ನೆಲವೇ ಬೆಳಕನ್ನು ಹಿಂದಿರುಗಿಸುವುದರಿಂದ ಅಷ್ಟು ಕತ್ತಲೆಯೆನಿಸುವುದಿಲ್ಲ ಎಂದಳು. ನಾನು ಮತ್ತೆ ಆ ಮಾತನ್ನೆತ್ತಲಿಲ್ಲ. ನನ್ನ ಮಗಳು ಆ ನೆಲದ ಪಂಚಾಂಗವನ್ನು ಓದಲು ಕಲಿತಿದ್ದಳು. ಓದು ಬಂದವಳನ್ನು ನಾನು ಯಾವುದರಿಂದ ಕಾಪಾಡಲಿ?

ಮರುವಾರ ಹುಲ್ಲಿನ ಮೇಲೆ ಮೊದಲ ಹಲ್ಲ ಕಂಡಿತು. ಮುಂಜಾನೆ ಅಂಗಳದಲ್ಲಿ ಕಾಲಿಟ್ಟರೆ ಕಡಕ್ ರೊಟ್ಟಿ ಮುರಿದಂತೆ ಸದ್ದು. ಬರ್ಚ್ ಮರಗಳು ದಿನದಿನಕ್ಕೆ ಹೊನ್ನಾದವು; ಆಸ್ಪೆನ್ ಮರಗಳು ಕೆಂಡದ ಬಣ್ಣ ತಾಳಿದವು. ಎಲೆ ಸಾಯುವ ಮುನ್ನ ಮರವು ಹಸಿರನ್ನು ಒಡೆದು ಅದರ ಸಾರವನ್ನು ತನ್ನೊಳಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆಗ ಎಲೆಯಲ್ಲಿ ಮೊದಲಿನಿಂದಲೂ ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ ಎಂದು ಅಳಿಯಂದಿರು ತಿಳಿಸಿದರು. ಮರಕ್ಕೂ ಕೂಡಿಡುವುದು ಗೊತ್ತು. ಬಯಲಿನಲ್ಲಿ ಮಾತ್ರ ಒಂದು ಹೊಲ ಎಳೆಯ ಹಸಿರಾಗಿತ್ತು. ಅದು ಆಗಸ್ಟಿನಲ್ಲಿ ಬಿತ್ತಿದ ರೈ ಎಂಬ ಧಾನ್ಯ. ಮೊಳೆತ ಸಸಿ ಚಳಿಗಾಲವೆಲ್ಲ ಹಿಮದ ಕೆಳಗಿದ್ದು ಮುಂದಿನ ಬೇಸಿಗೆಯಲ್ಲಿ ತೆನೆಯಾಗುತ್ತದೆ. ಎಲ್ಲವೂ ಮುಗಿಯುತ್ತಿರುವ ಹೊತ್ತಿನಲ್ಲಿ ಅವರು ಬಿತ್ತುತ್ತಾರೆ. ನಾವು ಹೊರಡುವ ಮುನ್ನಾದಿನ ಕೊಕ್ಕರೆಗಳಂತಹ ಉದ್ದ ಕತ್ತಿನ ಕ್ರೌಂಚಗಳು ಸಾಲು ಕಟ್ಟಿ ದಕ್ಷಿಣಕ್ಕೆ ಹಾರಿದವು. ಅವುಗಳ ಕೂಗು ಕಣ್ಮರೆಯಾದ ಮೇಲೂ ಕೇಳುತ್ತಿತ್ತು.

ಅಲ್ಲಿಯ ಹೆಚ್ಚಿನ ಹಕ್ಕಿಗಳು ಚಳಿಗಾಲಕ್ಕೆ ಯುರೋಪಿನ ದಕ್ಷಿಣಕ್ಕೋ ಆಫ್ರಿಕಕ್ಕೋ ಹೋಗುತ್ತವೆ. ಆದರೆ ಕೆಲವು ನಮ್ಮ ಕಡೆಗೂ ಬರುತ್ತವೆ. ಉಲಿಯಕ್ಕಿಗಳ ಬಳಗದ ಒಂದು ಸಣ್ಣ ಕಂದು ಹಕ್ಕಿ ಜೂನಿನ ಬೆಳಕಿನ ಇರುಳುಗಳಲ್ಲಿ ಪೂರ್ವ ಫಿನ್ಲೆಂಡಿನ ಪೊದೆಗಳಲ್ಲಿ ಹಾಡಿ, ಮರಿ ಮಾಡಿ, ಆಗಸ್ಟಿನಲ್ಲಿ ಹೊರಟು ಭಾರತಕ್ಕೆ ಬಂದು ಚಳಿಗಾಲ ಕಳೆಯುತ್ತದೆ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಎಂಬವರು 1849ರಲ್ಲಿ ಅದನ್ನು ಮೊದಲು ವರ್ಣಿಸಿದ್ದರಿಂದ ಅದಕ್ಕೆ ಅವರ ಹೆಸರೇ ಇದೆ. ಅದರ ತೂಕ ಹತ್ತು ಹನ್ನೆರಡು ಗ್ರಾಂ ಮಾತ್ರ.

ಅಕ್ಟೋಬರಿನ ಒಂದು ಮುಂಜಾನೆ ಧಾರವಾಡದ ನಮ್ಮ ಮನೆಯ ಮದರಂಗಿ ಬೇಲಿಯೊಳಗಿಂದ ‘ಚಕ್, ಚಕ್’ ಎಂಬ ಸದ್ದು ಕೇಳಿತು. ಬಗ್ಗಿ ನೋಡಿದರೆ ಎಲೆಗಳ ನಡುವೆ ಕಂದು ಬಣ್ಣದ ಆ ಪುಟ್ಟ ಹಕ್ಕಿ. ಪ್ರತಿವರ್ಷವೂ ಅದು ಅಲ್ಲಿಗೆ ಬರುತ್ತಿದ್ದಿರಬೇಕು. ನನಗೆ ಕೇಳಲು ಬರುತ್ತಿರಲಿಲ್ಲ. ಅದು ಯೊಯೆನ್ಸೂವಿನದೇ ಎಂದು ನಾನು ಹೇಳಲಾರೆ. ಅದರ ಬಳಗದ್ದಂತೂ ಹೌದು. ಒಳಗೆ ಹೋಗಿ ಮಗಳಿಗೆ ದೂರವಾಣಿ ಮಾಡಿದೆ. ಅಲ್ಲಿ ಎಲೆಗಳೆಲ್ಲ ಉದುರಿವೆ, ಕೆರೆಯಲ್ಲಿ ಹಂಸಗಳು ಮಾತ್ರ ಇನ್ನೂ ಇವೆ, ನೀರು ಹೆಪ್ಪುಗಟ್ಟುವವರೆಗೂ ಅವು ಹೋಗುವುದಿಲ್ಲ ಎಂದಳು. ಅವಳ ಧ್ವನಿ ಸ್ವಸ್ಥವಾಗಿತ್ತು. ಆಮೇಲೆ ತಾನಾಗಿಯೇ ಕೇಳಿದಳು:

“ಅವ್ವಾ, ಹೊಲದಾಗ ಹಿಂಗಾರಿ ಜ್ವಾಳಾ ಬಿತ್ತಿದ್ರೇನು?”

“ಬಿತ್ತೇವವ್ವಾ,” ಎಂದೆ. “ಮೊಳಕಿ ಬಂದಾವು.”